ಹಳೆಯ ಫಾರ್ಗೋ ಲಾರಿಯ ಸ್ಟಿಯರಿಂಗ್ ಹೊಟ್ಟೆಗೆ ತಾಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಾವು ಮೂಲತಃ ವಿಜಯಪುರ ಜಿಲ್ಲೆಯವರು, ಈಗ ಪುಣೆಯ ಹಡಪ್‌ಸರದಲ್ಲಿದ್ದೇವೆ. ನನ್ನ ತಂದೆ ಸೊಲ್ಲಾಪುರದ ಕಡೆ ಸರಕು ಸಾಗಿಸುತ್ತಿದ್ದ, ಅರವತ್ತರ ದಶಕದ ಫಾರ್ಗೋ ಲಾರಿಯನ್ನು ಪೂರ್ತಿ ಬಿಚ್ಚಿಸಿ ಸರಿಮಾಡಿಸಿದ್ದೇನೆ. ಭಾನುವಾರಗಳಂದು ದಿವೇ ಘಾಟ್ ಹತ್ತಿ ಸಾಸವಡದವರೆಗೆ ಹೋಗಿ ಬರುತ್ತೇನೆ. ನನಗೆ 58 ವರ್ಷ, ಎತ್ತರ ಐದು ಅಡಿ ನಾಲ್ಕು ಇಂಚು, ಸ್ವಲ್ಪ ಹೊಟ್ಟೆಯೂ ಇದೆ. ಸ್ಟಿಯರಿಂಗ್ ಚಕ್ರ 18 ಇಂಚಿನದು. ಅದರ ಕೆಳ ಅಂಚು ತೊಡೆಗೂ ಹೊಟ್ಟೆಗೂ ತಾಗುತ್ತದೆ. ಅರ್ಧ ಗಂಟೆ ಓಡಿಸಿದರೆ ಭುಜ ಹಿಡಿದುಕೊಳ್ಳುತ್ತದೆ, ಬಲಗೈ ಬೆರಳುಗಳಿಗೆ ಜೋಮು ಬರುತ್ತದೆ. ಕಾರಿನ 14 ಇಂಚಿನ ಚಕ್ರ ಹಾಕಿ ಎಂದು ಒಬ್ಬ ಮಿಸ್ತ್ರಿ ಹೇಳುತ್ತಾರೆ. ಡ್ಯಾಶ್‌ಬೋರ್ಡಿನ ಬ್ರ್ಯಾಕೆಟ್ ಸಡಿಲಿಸಿ ಮರದ ಬೆಣೆ ಹೊಡೆದರೆ ಸಾಕು ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಸ್ಟಿಯರಿಂಗ್ ದಂಡವನ್ನು ಕತ್ತರಿಸಿ, ಕ್ರಾಸ್ ಜಾಯಿಂಟ್ ಕೂಡಿಸಿ, ಹೊಸ ಲಾರಿಯ ಪವರ್ ಸ್ಟಿಯರಿಂಗ್ ಹಾಕಿಕೊಡುತ್ತೇನೆ ಎನ್ನುತ್ತಾರೆ. ತಂದೆಯವರು ಸೀಟಿನ ಮೇಲೆ ಮಡಿಸಿದ ಕೌದಿ ಹಾಕಿಕೊಂಡು ಓಡಿಸುತ್ತಿದ್ದುದು ನೆನಪಿದೆ. ಐದು ಅಡಿ ಎಂಟು ಇಂಚಿನ ನನ್ನ ಮಗಳಿಗೂ ಈ ಲಾರಿ ಓಡಿಸುವ ಆಸೆಯಿದೆ. ಯಾರ ಮಾತು ಕೇಳಲಿ?

ಉತ್ತರ: ಮೂವರಲ್ಲಿ ಯಾರ ಮಾತನ್ನೂ ಕೇಳಬೇಡಿ. ಕೌದಿ ಮಡಿಸಿ ಹಾಕಿಕೊಂಡ ನಿಮ್ಮ ತಂದೆ ಸಮಸ್ಯೆಗೆ ಸರಿಯಾದ ತುದಿಯಿಂದಲೇ ಕೈ ಹಾಕಿದ್ದರು. ಹಳೆಯ ಲಾರಿಯಲ್ಲಿ ಚಕ್ರವನ್ನು ಚಾಲಕನ ಬಳಿಗೆ ತರುವುದು ಕಷ್ಟ, ಚಾಲಕನನ್ನು ಚಕ್ರಕ್ಕೆ ಹೊಂದಿಸುವುದು ಸುಲಭ. ಪುಣೆ ಪಕ್ಕದ ಭೋಸರಿಯಲ್ಲಿ ಹಳೆಯ ವಾಹನಗಳ ಆಕ್ಸಲ್ ಮತ್ತು ಸ್ಟಿಯರಿಂಗ್ ಕೆಲಸ ಮಾಡಿಕೊಂಡು ಬಂದಿರುವ ನನ್ನ ಅನುಭವವೂ ಇದನ್ನೇ ಹೇಳುತ್ತದೆ.

ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದರೊಳಗೊಂದು ಬೆರೆತಿವೆ. ಚಕ್ರ ಮೈಗೆ ತಾಗುವುದು ಒಂದು. ಭುಜ ನೋಯುವುದು, ಬೆರಳಿಗೆ ಜೋಮು ಬರುವುದು ಇನ್ನೊಂದು. ಮೊದಲನೆಯದು ಜಾಗಕ್ಕೆ ಸಂಬಂಧಿಸಿದ್ದು. ಎರಡನೆಯದು ಬಹುಮಟ್ಟಿಗೆ ಸ್ಟಿಯರಿಂಗ್‌ನ ಬಿಗಿಗೆ ಸಂಬಂಧಿಸಿದ್ದು. ಘಾಟಿನಲ್ಲಿ ನಿಮ್ಮ ಎಡಗೈ ಮತ್ತೆ ಮತ್ತೆ ಗೇರಿಗೆ ಹೋಗುತ್ತದೆ, ಆಗ ತಿರುವಿನ ಭಾರವನ್ನೆಲ್ಲ ಬಲಗೈ ಒಂದೇ ಹೊರುತ್ತದೆ. ಜೋಮು ಬಲಗೈಗೇ ಬರುತ್ತಿರುವುದಕ್ಕೆ ಇದೇ ಕಾರಣವಿರಬಹುದು. ಚಕ್ರವನ್ನು ಎಲ್ಲಿಗೆ ಸರಿಸಿದರೂ ಬಿಗಿ ಹಾಗೆಯೇ ಉಳಿದರೆ ನೋವೂ ಉಳಿಯುತ್ತದೆ.

ಮೊದಲು ಒಳಗಿನ ರಚನೆ ನೋಡೋಣ. ಅರವತ್ತರ ದಶಕದ ಫಾರ್ಗೋ ಎಂದರೆ ಮುಂಬೈಯ ಕುರ್ಲಾದಲ್ಲಿ ತಯಾರಾದದ್ದೇ ಇರಬೇಕು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಲ್ಲಿ ಡಾಡ್ಜ್ ಮತ್ತು ಫಾರ್ಗೋ ಹೆಸರಿನ ಲಾರಿಗಳನ್ನು ಅಲ್ಲಿ ಮಾಡುತ್ತಿತ್ತು. ಆ ಕಾಲದ ಲಾರಿಗಳಲ್ಲಿ ಈಗಿನಂತೆ ಒಂದು ಹಿಡಿ ಎಳೆದು ಚಕ್ರವನ್ನು ಮೇಲೆ ಕೆಳಗೆ ಮಾಡುವ ಏರ್ಪಾಡಿಲ್ಲ. ಚಕ್ರದಿಂದ ಹೊರಟ ಉಕ್ಕಿನ ದಂಡ ಒಂದು ಕೊಳವೆಯೊಳಗೆ ನೇರವಾಗಿ ಇಳಿದು, ತಿರುವನ್ನು ಮುಂದಿನ ಚಕ್ರಗಳ ಕಡೆಗೆ ಕಳಿಸುವ ಸ್ಟಿಯರಿಂಗ್ ಬಾಕ್ಸ್ ಸೇರುತ್ತದೆ. ಈ ದಂಡ ಮತ್ತು ಕೊಳವೆಯನ್ನು ಒಟ್ಟಾಗಿ ಕಾಲಮ್ ಎನ್ನುತ್ತೇವೆ. ದಂಡದ ಕೆಳ ತುದಿಯಲ್ಲೇ ಸುರುಳಿ ಹಲ್ಲಿನ ವರ್ಮ್ ಇರುತ್ತದೆ. ಬಾಕ್ಸ್ ಚಾಸಿಗೆ ಬೋಲ್ಟ್ ಆಗಿರುತ್ತದೆ. ನಡುವೆ ಮಡಚುವ ಕೀಲು ಎಲ್ಲಿಯೂ ಇಲ್ಲ. ಅಂದರೆ ಚಕ್ರ ಯಾವ ಕೋನದಲ್ಲಿ ನಿಲ್ಲಬೇಕು ಎಂಬುದನ್ನು ನಿರ್ಧರಿಸುವುದು ಕೆಳಗಿನ ಬಾಕ್ಸ್. ಡ್ಯಾಶ್‌ಬೋರ್ಡಿನ ಬ್ರ್ಯಾಕೆಟ್ ಅದು ನಿಂತ ಕಡೆಯಲ್ಲಿ ಹಿಡಿದುಕೊಳ್ಳುತ್ತದೆ, ಅಷ್ಟೇ.

ಇದು ಅರ್ಥವಾದರೆ ಮರದ ಬೆಣೆಯ ಸಲಹೆ ಎಷ್ಟು ಅಪಾಯಕಾರಿ ಎಂಬುದು ತಾನೇ ತಿಳಿಯುತ್ತದೆ. ಬಾಕ್ಸ್ ಬಿಗಿಯಾಗಿರುವಾಗ ಮೇಲಿನಿಂದ ಒತ್ತಿದರೆ ಕಾಲಮ್ ಸರಿಯುವುದಿಲ್ಲ, ಬಾಗುತ್ತದೆ. ಚಕ್ರ ಅರ್ಧ ಇಂಚು ಮೇಲೆ ಬಂದಂತೆ ಕಾಣುವುದು ನಿಜ. ಆದರೆ ಒಳಗಿನ ದಂಡ, ಅದನ್ನು ಸುತ್ತುವರಿದು ಹಿಡಿದಿರುವ ಮೇಲಿನ ಬುಷ್ ಎಂಬ ಬಳೆಯ ಒಂದೇ ಮಗ್ಗುಲಿಗೆ ಒರೆಸಿಕೊಂಡು ತಿರುಗಲು ಶುರುಮಾಡುತ್ತದೆ. ಹೀಗೆ ಬೆಣೆ ಹೊಡೆಸಿಕೊಂಡ ಕಾಲಮ್‌ಗಳನ್ನು ಬಿಚ್ಚಿದಾಗ ದಂಡದ ಮೇಲೆ ಬೆರಳಗಲದ ಹೊಳೆಯುವ ಪಟ್ಟಿ ಕಾಣುತ್ತದೆ. ಬುಷ್ ಒಂದು ಕಡೆ ಸವೆದು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ಅದರ ಪುಡಿ ಗ್ರೀಸಿನಲ್ಲಿ ಬೆರೆತು ಕಪ್ಪು ಮಣ್ಣಿನಂತಾಗಿರುತ್ತದೆ. ಚಕ್ರ ಮೊದಲಿಗಿಂತ ಬಿಗಿಯಾಗುತ್ತದೆ, ತಿರುವಿನ ನಂತರ ತಾನಾಗಿ ನೇರಕ್ಕೆ ಮರಳುವುದೂ ಕಡಿಮೆಯಾಗುತ್ತದೆ. ದಿವೇ ಘಾಟ್ ಇಳಿಯುವಾಗ ಈ ಎರಡರಲ್ಲಿ ಒಂದೂ ಬೇಡ.

ನಿಮ್ಮ ಲಾರಿಯಲ್ಲಿ ಇಂಥ ಒತ್ತಡ ಈಗಾಗಲೇ ಇದೆಯೇ ಎಂದು ಇಂದೇ ನೋಡಬಹುದು. ಲಾರಿ ನಿಂತಿರುವಾಗ, ಮುಂದಿನ ಚಕ್ರಗಳು ನೇರವಿರುವಾಗ, ಡ್ಯಾಶ್‌ಬೋರ್ಡಿನ ಬ್ರ್ಯಾಕೆಟ್ಟಿನ ಬೋಲ್ಟ್‌ಗಳನ್ನು ನಿಧಾನವಾಗಿ ಸಡಿಲಿಸಿ. ಕಾಲಮ್ ಕದಲದೆ ಇದ್ದಲ್ಲೇ ನಿಂತರೆ ಸರಿ. ಪಟಕ್ಕನೆ ಒಂದು ಕಡೆಗೆ ಹಾರಿದರೆ ಅದನ್ನು ಇಷ್ಟು ದಿನ ಬಲವಂತವಾಗಿ ಹಿಡಿದಿಟ್ಟಿದ್ದರು ಎಂದರ್ಥ. ಪೂರ್ತಿ ಬಿಚ್ಚಿ ಕಟ್ಟಿದ ಲಾರಿಗಳಲ್ಲಿ ಇದು ಆಗಾಗ ಕಾಣುತ್ತದೆ. ಕಾರಣ ಎಷ್ಟೋ ಸಲ ಕ್ಯಾಬಿನ್ ಕೆಳಗಿನ ರಬ್ಬರುಗಳಲ್ಲಿರುತ್ತದೆ. ಮೂಲ ರಬ್ಬರು ಸಿಗಲಿಲ್ಲವೆಂದು ದಪ್ಪನೆಯದನ್ನು ಹಾಕಿದ್ದರೆ ಕ್ಯಾಬಿನ್ ಅರ್ಧ ಇಂಚು ಮೇಲೇರುತ್ತದೆ. ಅದರೊಂದಿಗೆ ಸೀಟೂ ನೀವೂ ಮೇಲೇರುತ್ತೀರಿ. ಸ್ಟಿಯರಿಂಗ್ ಬಾಕ್ಸ್ ಮಾತ್ರ ಚಾಸಿಯ ಮೇಲೆ ಇದ್ದಲ್ಲೇ ಇರುತ್ತದೆ. ಹೀಗಾಗಿ ಚಕ್ರ ತೊಡೆಯ ಮೇಲೆ ಬಂದು ಕೂತಂತಾಗುತ್ತದೆ. ದುರಸ್ತಿಗೆ ಮುಂಚೆ ಚಕ್ರ ಇಷ್ಟು ತಾಗುತ್ತಿರಲಿಲ್ಲ ಎಂಬ ನೆನಪು ನಿಮಗಿದ್ದರೆ ಮೊದಲ ಅನುಮಾನ ಈ ರಬ್ಬರುಗಳ ಮೇಲಿರಲಿ.

ಇನ್ನು 14 ಇಂಚಿನ ಚಕ್ರದ ಸಲಹೆ. ಇದರಿಂದ ಪ್ರಯೋಜನವೇ ಇಲ್ಲ ಎನ್ನಲಾರೆ, ಸುತ್ತಲೂ ಎರಡೆರಡು ಇಂಚು ಜಾಗ ಸಿಗುತ್ತದೆ, ಹೊಟ್ಟೆಗೆ ಬಿಡುವು. ಆದರೆ ಪವರ್ ಇಲ್ಲದ ಸ್ಟಿಯರಿಂಗ್‌ನಲ್ಲಿ ಚಕ್ರದ ಅಗಲವೇ ನಿಮ್ಮ ಬಲ. 18ರಿಂದ 14ಕ್ಕೆ ಇಳಿದರೆ ಅದೇ ತಿರುವಿಗೆ ಕೈಗಳು ಶೇ. 28ಕ್ಕೂ ಹೆಚ್ಚು ಬಲ ಹಾಕಬೇಕಾಗುತ್ತದೆ. ಈಗಲೇ ನೋಯುತ್ತಿರುವ ಭುಜಕ್ಕೆ ಆ ಹೊರೆ ಬೇಡ. ಅಷ್ಟು ದೊಡ್ಡ ಚಕ್ರವನ್ನು ತಯಾರಕರು ಇಟ್ಟದ್ದು ಅಂದಕ್ಕಲ್ಲ. ಇನ್ನೊಂದು ಆತಂಕವೂ ಇದೆ. ಕಾರಿನ ಚಕ್ರದ ನಡುವಿನ ಹಲ್ಲುಗಳು ನಿಮ್ಮ ದಂಡದ ಹಲ್ಲುಗಳಿಗೆ ಕೂಡುವುದಿಲ್ಲ. ಆಗ ಲೇತ್‌ನಲ್ಲಿ ಏನನ್ನೋ ತಿರುವಿಸಿ ವೆಲ್ಡ್ ಮಾಡಿ ಕೂಡಿಸುತ್ತಾರೆ. ಚಾಲಕನ ಪ್ರಾಣ ಆ ಒಂದು ಬೆಸುಗೆಯ ಮೇಲೆ ನಿಲ್ಲುತ್ತದೆ.

ಚಕ್ರವನ್ನೇ ಬದಲಿಸುವ ಸರಿಯಾದ ದಾರಿ ಒಂದಿದೆ. ಕೆಲವು ಚಕ್ರಗಳಲ್ಲಿ ಅಂಚು ನಡುಭಾಗಕ್ಕಿಂತ ಚಾಲಕನ ಕಡೆಗೆ ಎದ್ದಿರುತ್ತದೆ, ಕೆಲವು ಚಪ್ಪಟೆಯಾಗಿರುತ್ತವೆ. ನಿಮ್ಮದು ಎದ್ದ ಅಂಚಿನದಾಗಿದ್ದು, ಅದೇ ತಯಾರಿಕೆಯ, ಅದೇ ಹಲ್ಲಿನ, ಅಷ್ಟೇ ಅಗಲದ ಚಪ್ಪಟೆ ಚಕ್ರ ಹಳೆಯ ಸಾಮಾನಿನವರ ಬಳಿ ಸಿಕ್ಕರೆ ಕೊಳ್ಳಿ. ಒಂದು ಇಂಚಿನಷ್ಟು ಜಾಗ ಯಾವ ಕಡಿತವೂ ಇಲ್ಲದೆ ಸಿಗುತ್ತದೆ. ಹಳೆಯ ಚಕ್ರವನ್ನು ಬಿಚ್ಚುವಾಗ ಅದನ್ನು ಎಳೆದು ತೆಗೆಯುವ ಪುಲ್ಲರ್ ಬಳಸಲು ಹೇಳಿ. ಕೆಳಗಿನಿಂದ ಸುತ್ತಿಗೆ ಏಟು ಹಾಕಿದರೆ ಅದರ ಪೆಟ್ಟು ದಂಡದಗುಂಟ ಇಳಿದು ಬಾಕ್ಸ್‌ನೊಳಗಿನ ಬೇರಿಂಗ್‌ಗೆ ತಗಲುತ್ತದೆ.

ದಂಡ ಕತ್ತರಿಸುವ ಮಾತಿಗೆ ನನ್ನ ಉತ್ತರ ಖಡಾಖಂಡಿತ: ಬೇಡ. ವೆಲ್ಡಿಂಗ್ ಕಾವಿಗೆ ಉಕ್ಕಿನ ಗುಣ ಬೆಸುಗೆಯ ಪಕ್ಕದಲ್ಲಿ ಬದಲಾಗುತ್ತದೆ. ಕೂದಲೆಳೆಯಂಥ ಬಿರುಕು ಬಣ್ಣದ ಕೆಳಗೆ ಕಾಣುವುದಿಲ್ಲ, ಅದು ಮುರಿಯುವುದು ನೀವು ಅತಿ ಹೆಚ್ಚು ಬಲ ಹಾಕಿದ ಗಳಿಗೆಯಲ್ಲೇ. ಕೀಲುಗಳನ್ನು ಕೂಡಿಸಿ ಪವರ್ ಸ್ಟಿಯರಿಂಗ್ ಹಾಕುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ. ಆದರೆ ಬಾಕ್ಸ್ ಕೂರುವಲ್ಲಿ ಚಾಸಿಗೆ ಬಲ ಕೊಡಬೇಕು, ದಂಡಕ್ಕೆ ನಡುವೆ ಆಧಾರದ ಬೇರಿಂಗ್ ಬೇಕು, ಕೀಲುಗಳು ಒಂದಕ್ಕೊಂದು ಹೊಂದುವ ಕೋನದಲ್ಲಿ ಕೂರಬೇಕು, ಎಂಜಿನ್‌ಗೆ ಪಂಪ್ ಬೇಕು. ಎಂಜಿನ್ ನಿಂತರೆ ಚಕ್ರ ಕಲ್ಲಿನಂತಾಗುತ್ತದೆ. ರಸ್ತೆ ಬದಿಯ ಗ್ಯಾರೇಜಿನಲ್ಲಿ ಅಂದಾಜಿನ ಮೇಲೆ ಮಾಡುವ ಕೆಲಸ ಇದಲ್ಲ. ಕಾನೂನಿನ ತೊಡಕೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಮೂನೆಗೆ ತಾಳೆಯಾಗದಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮವೂ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಕಾಣದ ವಾಹನವನ್ನೇ ವಿಂಟೇಜ್ ಎನ್ನುತ್ತದೆ. ಸರಕು ವಾಹನವೆಂದು ನೋಂದಣಿಯಾಗಿರುವ ನಿಮ್ಮ ಲಾರಿಗೆ ಅದು ಹೇಗೆ ಅನ್ವಯಿಸುತ್ತದೆ ಎಂದು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಒಮ್ಮೆ ಕತ್ತರಿಸಿದ ಮೇಲೆ ಮೂಲ ರೂಪದಲ್ಲಿದೆ ಎಂದು ವಾದಿಸುವುದು ಕಷ್ಟ.

ಈಗ ಮಾಡಬೇಕಾದ ಕೆಲಸ. ಸೀಟಿನಿಂದ ಶುರುಮಾಡಿ. ಹಳೆಯ ಸೀಟುಗಳು ಹಿಂಭಾಗದಲ್ಲಿ ಕುಸಿದಿರುತ್ತವೆ, ಅದರಲ್ಲೂ ಬಾಗಿಲ ಕಡೆಗೆ, ಏಕೆಂದರೆ ಹತ್ತಿ ಇಳಿಯುವಾಗ ಮೈಭಾರ ಬೀಳುವುದು ಅಲ್ಲೇ. ಹಿಂಭಾಗ ಕುಸಿದಾಗ ಸೊಂಟ ಕೆಳಗೆ ಹೋಗುತ್ತದೆ, ಮುಂದಿನ ಚೌಕಟ್ಟಿನ ಅಂಚು ಮಂಡಿಗಳನ್ನು ಎತ್ತಿ ಹಿಡಿಯುತ್ತದೆ, ತೊಡೆ ಚಕ್ರಕ್ಕೆ ತಾಗುತ್ತದೆ. ಆಗ ಚಾಲಕನಿಗೆ ಚಕ್ರವೇ ಕೆಳಗಿದೆ ಎನಿಸುತ್ತದೆ. ಹೊರಗಿನ ರೆಕ್ಸಿನ್ ಹೊಸದಾಗಿದ್ದರೂ ಒಳಗಿನ ಸ್ಪ್ರಿಂಗುಗಳು ಹಳೆಯವೇ ಆಗಿರಬಹುದು, ಬಿಚ್ಚಿಸಿ ನೋಡಿ. ಕುಶನ್ ಮಾಡುವವರಿಗೆ ಹೀಗೆ ಹೇಳಿ: ಕೆಳಗೆ ಗಟ್ಟಿ ಫೋಮ್, ಮೇಲೆ ತೆಳುವಾದ ಮೆತ್ತನೆಯ ಪದರ, ಹಿಂಭಾಗ ಒಂದೂವರೆ ಇಂಚು ಎತ್ತರ, ಮುಂಭಾಗ ತೆಳ್ಳಗೆ, ಮುಂದಿನ ಅಂಚು ಗುಂಡಗೆ. ಸೊಂಟ ಮೇಲೇರಿ ತೊಡೆ ಇಳಿಜಾರಾದರೆ ನಿಮ್ಮ ಎತ್ತರಕ್ಕೆ ಬಾನೆಟ್ಟಿನ ಆಚೆಯ ರಸ್ತೆಯೂ ಚೆನ್ನಾಗಿ ಕಾಣುತ್ತದೆ, ಚಕ್ರದ ಕೆಳಗೆ ಜಾಗವೂ ಆಗುತ್ತದೆ. ನಿಮ್ಮ ತಂದೆಯವರ ಕೌದಿ ಮಾಡುತ್ತಿದ್ದುದು ಇದನ್ನೇ. ಆದರೆ ಬಿಡಿ ಬಟ್ಟೆಯನ್ನು ಈಗ ಬಳಸಬೇಡಿ, ಜೋರಾಗಿ ಬ್ರೇಕ್ ಹಾಕಿದಾಗ ಅದು ಜಾರಿ ನಿಮ್ಮನ್ನೂ ಪೆಡಲಿನ ಕಡೆಗೆ ಎಳೆದುಕೊಂಡು ಹೋಗುತ್ತದೆ.

ನಂತರ ಸೀಟಿನ ಹಳಿ. ನಿಮಗೂ ಮಗಳಿಗೂ ನಾಲ್ಕು ಇಂಚು ವ್ಯತ್ಯಾಸವಿದೆ. ಕಾಲಮ್ ಅನ್ನು ನಿಮಗೆ ತಕ್ಕಂತೆ ಸರಿಸಿದರೆ ಅವರಿಗೆ ಹೊಂದದೆ ಹೋಗಬಹುದು, ಜಾರುವ ಸೀಟು ಇಬ್ಬರಿಗೂ ಹೊಂದುತ್ತದೆ. ಬೀಗ ಗಟ್ಟಿಯಾಗಿ ಕೂರುವ ಹಳಿಗಳನ್ನೇ ಹಾಕಿಸಿ. ಬೋಲ್ಟ್‌ಗಳು 8.8 ದರ್ಜೆಯವಾಗಿರಲಿ, ಕ್ಯಾಬಿನ್ ನೆಲದ ಕೆಳಗೆ ದಪ್ಪ ಉಕ್ಕಿನ ಪಟ್ಟಿ ಕೊಡಿಸಿ. ಹಳೆಯ ತಗಡಿಗೆ ಬರೀ ವಾಷರ್ ಸಾಲದು. ಕೆಲವು ಹಳೆಯ ಲಾರಿಗಳಲ್ಲಿ ಇಂಧನದ ಟ್ಯಾಂಕ್ ಸೀಟಿನ ಕೆಳಗೇ ಇರುತ್ತದೆ, ಡ್ರಿಲ್ ಹಿಡಿಯುವ ಮುನ್ನ ಬಗ್ಗಿ ನೋಡಿಕೊಳ್ಳಲಿ.

ಸೀಟನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಕ್ಲಚ್ ಹೇಳುತ್ತದೆ. ಬೆನ್ನು ಒರಗಿಗೆ ಪೂರ್ತಿ ತಾಗಿರುವಾಗ ಕ್ಲಚ್ ತಳದವರೆಗೆ ಒತ್ತಿ. ಮಂಡಿ ಆಗಲೂ ಸ್ವಲ್ಪ ಮಡಚಿರಬೇಕು. ಅದೇ ಭಂಗಿಯಲ್ಲಿ ಮೊಣಕೈ ಸುಲಭವಾಗಿ ಮಡಚಿ ಚಕ್ರದ ಎರಡೂ ಮಗ್ಗುಲು ಕೈಗೆ ಸಿಗಬೇಕು. ಚಕ್ರಕ್ಕೂ ತೊಡೆಗೂ ನಡುವೆ ಮುಷ್ಟಿ ಹಿಡಿಸುವಷ್ಟು ಜಾಗವಿರಲಿ. ಕಾರಿನವರಂತೆ ಕೈ ಚಾಚಿ ಹಿಂದಕ್ಕೆ ಒರಗುವುದು ಇಲ್ಲಿ ನಡೆಯುವುದಿಲ್ಲ, ಈ ಚಕ್ರಕ್ಕೆ ಭುಜದ ಜೊತೆ ಬೆನ್ನಿನ ಬಲವೂ ಬೇಕು. ಹಾಗೆಂದು ಚಕ್ರಕ್ಕೆ ಅಂಟಿಕೊಂಡು ಕೂರುವುದೂ ಬೇಡ. ಎದೆಗೂ ಚಕ್ರದ ನಡುಭಾಗಕ್ಕೂ ಕನಿಷ್ಠ 25 ಸೆಂಟಿಮೀಟರ್ ಇರಲಿ. ಡಿಕ್ಕಿಯಾದಾಗ ಕುಗ್ಗಿ ಪೆಟ್ಟು ಹೀರಿಕೊಳ್ಳುವ ಕಾಲಮ್‌ಗಳು ಅಮೆರಿಕದ ಕಾರುಗಳಲ್ಲಿ ವ್ಯಾಪಕವಾಗಿ ಬಂದದ್ದೇ 1967ರ ನಂತರ. ನಿಮ್ಮ ಲಾರಿಯ ದಂಡ ಕುಗ್ಗುವುದಿಲ್ಲ, ಎದೆಗೆ ನೇರ ಈಟಿಯಂತೆ ಬರುತ್ತದೆ. ಹೊಟ್ಟೆಗೆ ಚಕ್ರ ತಾಗುತ್ತಿದೆ ಎಂದು ಓದಿದಾಗ ನೋವಿಗಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಈ ವಿಚಾರ. ಸೀಟಿನ ಕೆಲಸದ ಜೊತೆಗೇ ಭುಜದ ಮೇಲೂ ಹಾಯುವ ಬೆಲ್ಟ್ ಹಾಕಿಸಿ. ಕ್ಯಾಬಿನ್ ಕಂಬದಲ್ಲಿ ಅದು ಕೂರುವ ಜಾಗಕ್ಕೂ ಒಳಗಿನಿಂದ ಉಕ್ಕಿನ ಪಟ್ಟಿ ಬೇಕು.

ಸೀಟು ಸರಿಯಾದ ಮೇಲೆ ಬಿಗಿಯ ಕಾರಣ ಹುಡುಕಿ. ಮುಂದಿನ ಆಕ್ಸಲ್ ಅನ್ನು ಜಾಕ್ ಮೇಲೆತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಸ್ಟಿಯರಿಂಗ್ ಚಕ್ರವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ. ಗಾಳಿಯಲ್ಲಿ ಹಗುರ, ನೆಲದ ಮೇಲೆ ಭಾರವೆಂದರೆ ಟೈರಿನ ಗಾಳಿ ಕಡಿಮೆಯಿರಬಹುದು, ಮೂಲಕ್ಕಿಂತ ಅಗಲದ ಟೈರಿರಬಹುದು, ಕಿಂಗ್ ಪಿನ್ನಿನ (ಮುಂದಿನ ಚಕ್ರ ಎಡಬಲಕ್ಕೆ ಹೊರಳುವ ಗೂಟದ) ಭಾರ ಹೊರುವ ಥ್ರಸ್ಟ್ ಬೇರಿಂಗ್ ಒಣಗಿರಬಹುದು. ಗಾಳಿಯಲ್ಲೂ ಭಾರವೆಂದರೆ, ಬಾಕ್ಸ್‌ನ ತಿರುವನ್ನು ಆಕ್ಸಲ್ ಕಡೆಗೆ ಒಯ್ಯುವ ಡ್ರ್ಯಾಗ್ ಲಿಂಕ್ ಎಂಬ ಸಲಾಕೆಯನ್ನು ಕಳಚಿ ಮತ್ತೆ ತಿರುಗಿಸಿ. ಆಗ ಹಗುರವಾದರೆ ದೋಷ ಆಕ್ಸಲ್ ಕಡೆಯದು. ಆಗಲೂ ಭಾರವೇ ಇದ್ದರೆ ಕಾಲಮ್ ಅಥವಾ ಬಾಕ್ಸ್‌ನದು. ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಹಿಡಿದರೆ ದಂಡ ಬಾಗಿದೆ ಎಂದು ತಿಳಿಯಿರಿ. ನಟ್ಟನಡುವೆ ಮಾತ್ರ ಸ್ವಲ್ಪ ಬಿಗಿ ಇದ್ದರೆ ಗಾಬರಿ ಬೇಡ, ನೇರ ರಸ್ತೆಯಲ್ಲಿ ಆಟ ಇರಬಾರದೆಂದು ಬಾಕ್ಸ್‌ಗಳನ್ನು ಹಾಗೆಯೇ ಮಾಡಿರುತ್ತಾರೆ. ಕಿಂಗ್ ಪಿನ್ನಿಗೆ ಗ್ರೀಸ್ ಹೊಡೆಯುವುದು ಆಕ್ಸಲ್ ಎತ್ತಿರುವಾಗಲೇ ಆಗಲಿ. ಭಾರ ಕೂತಿರುವಾಗ ಹೊಡೆದರೆ ಗ್ರೀಸ್ ಬೇಕಾದ ಕಡೆಗೆ ಹೋಗದೆ ಸುಲಭದ ದಾರಿಯಲ್ಲಿ ಹೊರಬರುತ್ತದೆ. ಹೊಸ ಬಣ್ಣ ಬಳಿದ ಲಾರಿಗಳಲ್ಲಿ ಗ್ರೀಸ್ ತುಂಬುವ ನಿಪ್ಪಲ್‌ಗಳ ಬಾಯಿಯೇ ಮುಚ್ಚಿಹೋಗಿರುವುದುಂಟು.

ಇಷ್ಟಾದ ಮೇಲೂ ಜಾಗ ಸಾಲದಿದ್ದರೆ ಮಾತ್ರ ಕಾಲಮ್ ಮುಟ್ಟಿ. ಅದನ್ನು ಸರಿಸುವ ಕೆಲಸ ಕೆಳಗಿನಿಂದ ಶುರುವಾಗಬೇಕು. ಮೊದಲು ಡ್ರ್ಯಾಗ್ ಲಿಂಕ್ ಕಳಚಿ, ಚಾಸಿಯಲ್ಲಿ ಬಾಕ್ಸ್‌ನ ಬೋಲ್ಟ್‌ಗಳನ್ನೂ ನೆಲದ ತಗಡನ್ನೂ ಡ್ಯಾಶ್‌ಬೋರ್ಡಿನ ಬ್ರ್ಯಾಕೆಟ್ಟನ್ನೂ ಸಡಿಲಿಸಿ. ಇಡೀ ಜೋಡಣೆಯನ್ನು ಒಟ್ಟಿಗೆ ಓರೆ ಮಾಡಿ ಬಾಕ್ಸ್ ಅನ್ನು ಮೊದಲು ಬಿಗಿಯಬೇಕು, ಬ್ರ್ಯಾಕೆಟ್ಟನ್ನು ಕೊನೆಗೆ. ಎಷ್ಟು ಓರೆ? ಕಾಲಮ್ ಒಂದು ಮೀಟರ್ ಉದ್ದವಿದ್ದರೆ ಚಕ್ರವನ್ನು 25 ಮಿಲಿಮೀಟರ್ ಮೇಲೆತ್ತಲು ಕೋನ ಒಂದೂವರೆ ಡಿಗ್ರಿಯೂ ಬದಲಾಗಬೇಕಿಲ್ಲ. ಬಾಕ್ಸ್‌ನ ಬೋಲ್ಟ್‌ಗಳು 100 ಮಿಲಿಮೀಟರ್ ಅಂತರದಲ್ಲಿದ್ದರೆ ಅಲ್ಲಿ ಬೇಕಾದ ಸರಿತ ಎರಡೂವರೆ ಮಿಲಿಮೀಟರ್ ಮಾತ್ರ. ಬೋಲ್ಟ್ ತೂತುಗಳಲ್ಲಿ ಸಹಜವಾಗಿ ಇರುವ ಸಡಿಲವೇ ಇದರಲ್ಲಿ ಸ್ವಲ್ಪ ಭಾಗ ಕೊಡುತ್ತದೆ. ಮಿಕ್ಕದ್ದಕ್ಕೆ ಅಳತೆ ಹಿಡಿದು ಮಾಡಿದ ನಡುಪಟ್ಟಿಯನ್ನು ಬಳಸಬೇಕು. ಗ್ಯಾಸ್ ಕಟರ್‌ನಿಂದ ಚಾಸಿಯ ತೂತು ಅಗಲಿಸುವವರಿಗೆ ಲಾರಿ ಕೊಡಬೇಡಿ. ಒಂದು ಇಂಚಿಗಿಂತ ಹೆಚ್ಚು ಆಸೆಯೂ ಬೇಡ, ಅದಕ್ಕೂ ಮುಂದೆ ಹೋದರೆ ಡ್ರಾಪ್ ಆರ್ಮ್ (ಬಾಕ್ಸ್‌ನಿಂದ ಹೊರಟು ಡ್ರ್ಯಾಗ್ ಲಿಂಕನ್ನು ತಳ್ಳುವ ತೋಳು) ಮತ್ತು ಡ್ರ್ಯಾಗ್ ಲಿಂಕಿನ ಲೆಕ್ಕ ತಪ್ಪಿ ಗುಂಡಿಗೆ ಇಳಿದಾಗಲೆಲ್ಲ ಲಾರಿ ಒಂದು ಕಡೆಗೆ ಎಳೆಯಬಹುದು.

ಬಿಗಿದ ಮೇಲೆ ಚಕ್ರದ ಕಡ್ಡಿಗಳು ಓರೆ ನಿಂತರೆ ಚಕ್ರವನ್ನು ಕಿತ್ತು ಒಂದು ಹಲ್ಲು ಆಚೆ ಕೂರಿಸಿಬಿಡುವ ಅಭ್ಯಾಸ ಎಲ್ಲೆಡೆ ಇದೆ. ಕಣ್ಣಿಗೆ ಚೆಂದ ಕಾಣುತ್ತದೆ, ಬಾಕ್ಸ್‌ನ ನಡುಬಿಂದು ಮಾತ್ರ ನೇರ ರಸ್ತೆಗೆ ಸಿಗದೆ ಪಕ್ಕಕ್ಕೆ ಉಳಿಯುತ್ತದೆ. ಲಾರಿ ನೇರ ಹೋಗುವಾಗ ಸಡಿಲ, ಒಂದು ಕಡೆಗೆ ತಿರುಗಿಸಿದರೆ ಬಿಗಿ. ಬಾಕ್ಸ್ ಅನ್ನು ಎರಡು ತುದಿಗಳ ನಡುವೆ ಸುತ್ತು ಎಣಿಸಿ ಸರಿಯಾಗಿ ಮಧ್ಯಕ್ಕೆ ತಂದು, ಮುಂದಿನ ಚಕ್ರಗಳನ್ನು ನೇರ ನಿಲ್ಲಿಸಿ, ಡ್ರ್ಯಾಗ್ ಲಿಂಕಿನ ಉದ್ದವನ್ನು ಹೊಂದಿಸುವುದೇ ಸರಿಯಾದ ಕ್ರಮ.

ಓಡಿಸುವಾಗಿನ ಎರಡು ಮಾತು. ನಿಂತ ಲಾರಿಯಲ್ಲಿ ಚಕ್ರ ತಿರುಗಿಸಬೇಡಿ. ಲಾರಿ ನಡಿಗೆಯಷ್ಟು ಕದಲಿದರೂ ಸಾಕು, ಭುಜದ ಮೇಲಿನ ಭಾರ ಬಹಳ ಇಳಿಯುತ್ತದೆ. ಹೆಬ್ಬೆರಳನ್ನು ಚಕ್ರದ ಒಳಕ್ಕೆ ಸುತ್ತಿ ಹಿಡಿಯಬೇಡಿ, ಅಂಚಿನ ಮೇಲೆಯೇ ಇರಲಿ. ಗುಂಡಿಯ ಪೆಟ್ಟಿಗೆ ಚಕ್ರ ಒಮ್ಮೆಲೇ ತಿರುಗಿ ಕಡ್ಡಿ ಹೊಡೆದರೆ ಹೆಬ್ಬೆರಳು ಮುರಿಯುತ್ತದೆ. ಇದೇ ಕಾರಣಕ್ಕೆ ಒಂದೇ ಕೈಯಲ್ಲಿ ತಿರುಗಿಸಲೆಂದು ಚಕ್ರದ ಅಂಚಿಗೆ ಹಿಡಿಗುಂಡು ಹಾಕಿಸುವುದನ್ನೂ ನಾನು ಒಪ್ಪುವುದಿಲ್ಲ.

ಎಲ್ಲ ಬಿಗಿದ ಮೇಲೆ ಮೊದಲ ಓಟವನ್ನು ಘಾಟಿಗೆ ಇಟ್ಟುಕೊಳ್ಳಬೇಡಿ. ಖಾಲಿ ಮೈದಾನದಲ್ಲಿ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು, ಬ್ರೇಕ್ ಪೈಪು, ಹಾರ್ನಿನ ತಂತಿ ಎಲ್ಲಿಯೂ ಉಜ್ಜುತ್ತಿಲ್ಲ ಎಂದು ನೋಡಿ. ಮಗಳನ್ನೂ ಕೂರಿಸಿ ಇಬ್ಬರಿಗೂ ಹೊಂದುವ ಜಾಗವನ್ನು ಹಳಿಯ ಮೇಲೆ ಬಣ್ಣದಿಂದ ಗುರುತು ಮಾಡಿಕೊಳ್ಳಿ. ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಬಾಕ್ಸ್, ಬ್ರ್ಯಾಕೆಟ್, ಸೀಟಿನ ಬೋಲ್ಟ್‌ಗಳಿಗೆ ಮತ್ತೊಮ್ಮೆ ಪಾನಾ ಹಾಕಿಸಿ. ಇಷ್ಟೆಲ್ಲ ಮಾಡಿದರೂ ಬೆರಳ ಜೋಮು ಹೋಗದಿದ್ದರೆ, ಮುಖ್ಯವಾಗಿ ಲಾರಿ ಹತ್ತದ ದಿನವೂ ರಾತ್ರಿ ಕಾಣಿಸಿಕೊಂಡರೆ, ಗ್ಯಾರೇಜಿಗೆ ಮತ್ತೆ ಬರಬೇಡಿ. ಮಣಿಕಟ್ಟು ಮತ್ತು ಕುತ್ತಿಗೆಯನ್ನು ಮೂಳೆ ವೈದ್ಯರಿಗೆ ತೋರಿಸಿ.